ಫೀ ತುಂಬುವುದು ಆಗಸ್ಟಿನಲ್ಲಿ, ಮೆಣಸಿನಕಾಯಿ ರೊಕ್ಕ ಬರುವುದು ಫೆಬ್ರುವರಿಯಲ್ಲಿ: ತಂಗಿಯ ಸೀಟಿಗೆ ಹಣ ಹೊಂದಿಸುವುದು ಹೇಗೆ?

ಪ್ರಶ್ನೆ: ಸವಣೂರಿನ ಅಣ್ಣ

ಎಲ್ಲರಿಗೂ ನಮಸ್ಕಾರ. ನಾವು ಸವಣೂರು ತಾಲ್ಲೂಕಿನ ಒಂದು ಹಳ್ಳಿಯವರು. ಮನೆಗೆ ನಾಲ್ಕೂವರೆ ಎಕರೆ ಒಣಬೇಸಾಯದ ಹೊಲವಿದ್ದು, ಅರ್ಧಕ್ಕೆ ಗೋವಿನಜೋಳ, ಉಳಿದರ್ಧಕ್ಕೆ ಮೆಣಸಿನಗಿಡ ಹಾಕುತ್ತೇವೆ. ನಾನು ಹುಬ್ಬಳ್ಳಿಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಪಗಾರ ತಿಂಗಳಿಗೆ 14 ಸಾವಿರ. ತಂಗಿ ಹತ್ತನೆಯ ತರಗತಿಯನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ-ಕಾಲೇಜುಗಳಲ್ಲೇ ಓದಿದವಳು. ಈ ಸಲದ ಸಿಇಟಿಯಲ್ಲಿ ಆಕೆಗೆ ಹುಬ್ಬಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಹಂಚಿಕೆಯಾಗಿದೆ. ನಮ್ಮ ಮನೆತನದಲ್ಲಿ ಎಂಜಿನಿಯರಿಂಗ್‌ಗೆ ಹೋಗುತ್ತಿರುವವರಲ್ಲಿ ಇವಳೇ ಮೊದಲಿಗಳು.

ತೊಂದರೆ ಏನೆಂದರೆ, ಪರೀಕ್ಷಾ ಪ್ರಾಧಿಕಾರಕ್ಕೆ ತುಂಬಬೇಕಾದ ಶುಲ್ಕ 80 ಸಾವಿರ ದಾಟುತ್ತದೆ ಮತ್ತು ಅದಕ್ಕೆ ಉಳಿದಿರುವುದು ನಾಲ್ಕೇ ದಿನ. ಅದಲ್ಲದೆ ಕಾಲೇಜಿನಲ್ಲಿ ‘ಇತರೆ ಶುಲ್ಕ’ ಎಂದು 28 ಸಾವಿರ ಕೇಳಿದ್ದಾರೆ. ಗೋವಿನಜೋಳ ಇನ್ನೂ ಮೊಣಕಾಲೆತ್ತರ ಇದೆ. ಮೆಣಸಿನಕಾಯಿ ಬಿಡಿಸಿ, ಒಣಗಿಸಿ, ಬ್ಯಾಡಗಿ ಪ್ಯಾಟಿಗೆ ಒಯ್ಯುವಷ್ಟರಲ್ಲಿ ಜನವರಿ ಕಳೆದಿರುತ್ತದೆ. ಸಿಇಟಿ ಅರ್ಜಿ ತುಂಬುವಾಗ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದನ್ನು ನಾವು ಗಮನಿಸಲಿಲ್ಲವಾದ್ದರಿಂದ ಕಡಿಮೆ ಆದಾಯದ ಮನೆಯವರಿಗೆ ಶುಲ್ಕ ವಿನಾಯಿತಿಯಲ್ಲಿ ಸಿಗುವ ಎಸ್‌ಎನ್‌ಕ್ಯೂ ಸೀಟಿನ ಅವಕಾಶವೂ ತಪ್ಪಿತು. ಅದು ನಮ್ಮದೇ ತಪ್ಪು.

ಅಪ್ಪ ನಿನ್ನೆ ಬ್ಯಾಡಗಿಯ ದಲಾಲರ ಅಂಗಡಿಗೆ ಹೋಗಿ ಬಂದಿದ್ದಾರೆ. ಒಂದು ಲಕ್ಷ ಕೊಡಲು ಅವರು ತಯಾರಿದ್ದಾರೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ, ಮತ್ತು ಮಾಲು ಅವರ ಅಂಗಡಿಗೇ ಬರಬೇಕು. “ತಗೊಂಡ್ ಹೋಗ್ರಿ ಯಜಮಾನ್ರ, ಮಾಲ್ ಬಂದ್ ಮ್ಯಾಲ ಮುರಕೊಳ್ಳೂಣು” ಎಂದು ಕಾಗದ ಪತ್ರ ಏನನ್ನೂ ಕೇಳದೆ ಹೇಳಿದರಂತೆ. ಅಪ್ಪನಿಗೆ ಅದೇ ಸರಳವಾಗಿ ಕಾಣುತ್ತಿದೆ. ಬ್ಯಾಂಕಿನ ಶೈಕ್ಷಣಿಕ ಸಾಲ, ವಿದ್ಯಾರ್ಥಿವೇತನ, ನಿಗಮಗಳ ಸಾಲ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾವು 3ಬಿ ಪ್ರವರ್ಗದವರು. ಈ ನಾಲ್ಕು ದಿನದಲ್ಲಿ ನಿಜಕ್ಕೂ ಏನು ಮಾಡಲು ಸಾಧ್ಯ, ಮುಂದಿನ ನಾಲ್ಕು ವರ್ಷಕ್ಕೆ ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಧಾರವಾಡ

ತಮ್ಮಾ, ನಿಮ್ಮ ತಂದೆಯವರ ಮೇಲೆ ಸಿಟ್ಟಾಗಬೇಡಿ. ಮೂವತ್ತು ವರ್ಷ ಗ್ರಾಮೀಣ ಶಾಖೆಗಳಲ್ಲಿ ಕುಳಿತವನಾಗಿ ಹೇಳುತ್ತೇನೆ, ದಲಾಲರ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಆಗುವ ಕೆಲಸಕ್ಕೆ ನಮ್ಮಲ್ಲಿ ಹತ್ತು ಸಲ ಅಲೆಯಬೇಕಾಗುತ್ತಿತ್ತು. ಆದರೆ ಆ ಹತ್ತು ನಿಮಿಷದ ಬೆಲೆ ಎಷ್ಟು ಎಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ಅವರಿಗೆ ತೋರಿಸಿ. ಒಂದು ಲಕ್ಷಕ್ಕೆ ತಿಂಗಳಿಗೆ 3 ಸಾವಿರ. ಆಗಸ್ಟಿನಿಂದ ಫೆಬ್ರುವರಿ ಕೊನೆಯವರೆಗೆ ಏಳು ತಿಂಗಳಿಗೆ 21 ಸಾವಿರ. ಇದರ ಮೇಲೆ, ಮಾಲು ಅವರ ಅಂಗಡಿಗೇ ಹೋಗಬೇಕೆಂಬ ಕರಾರು ಇರುವುದರಿಂದ ಪಕ್ಕದ ಅಂಗಡಿಯಲ್ಲಿ ಕ್ವಿಂಟಲಿಗೆ ಸಾವಿರ ರೂಪಾಯಿ ಹೆಚ್ಚು ಸಿಕ್ಕರೂ ನೀವು ಅಲ್ಲಿಗೆ ಚೀಲ ಇಳಿಸುವಂತಿಲ್ಲ. ಬಡ್ಡಿಗಿಂತ ದೊಡ್ಡ ಹೊಡೆತ ಇದೇ ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ಮನೆಯಲ್ಲಿ ಕೊರತೆ ಇರುವುದು ಹಣದ್ದಕ್ಕಿಂತ ಹೆಚ್ಚಾಗಿ ತಿಂಗಳುಗಳದ್ದು. ಪೀಕು ಬರುವುದು ಒಂದು ಕಾಲಕ್ಕೆ, ಫೀ ಕೇಳುವುದು ಇನ್ನೊಂದು ಕಾಲಕ್ಕೆ, ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ಮತ್ತೊಂದು ಕಾಲಕ್ಕೆ. ಆದ್ದರಿಂದ ಈ ನಾಲ್ಕು ದಿನದ ಮಾತನ್ನೂ ನಾಲ್ಕು ವರ್ಷದ ಮಾತನ್ನೂ ಬೇರೆ ಬೇರೆ ಮಾಡಿಕೊಳ್ಳಿ.

ಮೊದಲು ಈ ನಾಲ್ಕು ದಿನ. ಶೈಕ್ಷಣಿಕ ಸಾಲಕ್ಕೆ ಬ್ಯಾಂಕಿನವರು ಪ್ರವೇಶ ಪತ್ರ ಕೇಳುತ್ತಾರೆ. ಪ್ರಾಧಿಕಾರದಿಂದ ಪ್ರವೇಶ ಪತ್ರ ಸಿಗಬೇಕೆಂದರೆ ಮೊದಲು ಶುಲ್ಕ ತುಂಬಿರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದಂತೆ. ಅರ್ಜಿ ವಿಲೇವಾರಿಗೆ ಹದಿನೈದು ದಿನದಿಂದ ಒಂದು ತಿಂಗಳು ಹಿಡಿಯುವುದು ವಾಡಿಕೆಯಾದ್ದರಿಂದ ಮೊದಲ ವರ್ಷದ ಈ ಕಂತನ್ನು ಶೈಕ್ಷಣಿಕ ಸಾಲದಿಂದ ತುಂಬುತ್ತೇನೆಂದು ಕಾಯುತ್ತ ಕೂರಬೇಡಿ, ಸೀಟು ಕೈಬಿಟ್ಟೀತು. ತಾಯಿಯವರ ಹತ್ತಿರ ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಅದೇ ದಿನ ಹಣ ತರಬಹುದು. ಬ್ಯಾಂಕಿನ ಬಂಗಾರದ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯೊಳಗೇ ಬಡ್ಡಿ ಮುಗಿಯುತ್ತದೆ, ಅಂದರೆ ಲಕ್ಷಕ್ಕೆ ಏಳು ತಿಂಗಳಿಗೆ 7 ಸಾವಿರದೊಳಗೆ. ಮಾಲನ್ನು ಯಾರ ಅಂಗಡಿಗಾದರೂ ಒಯ್ಯುವ ಸ್ವಾತಂತ್ರ್ಯವೂ ಉಳಿಯುತ್ತದೆ. ಕಿವಿಯದನ್ನೂ ಕೊರಳಿನದನ್ನೂ ಅಡವಿಡುವುದು ಮನಸ್ಸಿಗೆ ಕಷ್ಟವೆಂಬುದು ನನಗೂ ಗೊತ್ತು, ಆದರೆ ಅದು ಮರಳಿ ಬರುವ ವಸ್ತು. ಸಂಘದ ಸಾಲವನ್ನು ಮಾತ್ರ ಇದಕ್ಕೆ ಎತ್ತಬೇಡಿ. ಮುಂದಿನ ವಾರದಿಂದಲೇ ಕಂತು ಶುರುವಾಗುವ ಸಾಲ, ವರ್ಷಕ್ಕೊಮ್ಮೆ ರೊಕ್ಕ ಕಾಣುವ ಮನೆಗೆ ಹೊಂದುವುದಿಲ್ಲ.

ಇನ್ನು ನಾಲ್ಕು ವರ್ಷದ ಮಾತು. ಪ್ರವೇಶ ಪತ್ರ ಕೈಗೆ ಬಂದ ಮರುದಿನವೇ ಶೈಕ್ಷಣಿಕ ಸಾಲಕ್ಕೆ ಅರ್ಜಿ ಹಾಕಿ. ನಾಲ್ಕೂ ವರ್ಷದ ವೆಚ್ಚಕ್ಕೆ ಒಂದೇ ಸಲ ಮಂಜೂರಾತಿ ಆಗುತ್ತದೆ, ಹಣವನ್ನು ವರ್ಷ ವರ್ಷ ನೇರವಾಗಿ ಕಾಲೇಜಿಗೆ ಕಳಿಸುತ್ತಾರೆ. ಒಟ್ಟು ಮೊತ್ತ 4 ಲಕ್ಷದೊಳಗೆ ಇದ್ದರೆ ಹೊಲ ಮನೆ ಒತ್ತೆ ಬೇಕಿಲ್ಲ, ನಿಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ, ತಂದೆಯವರು ಸಹ-ಸಾಲಗಾರರಾಗಿ ಸಹಿ ಮಾಡಿದರೆ ಸಾಕು. ವರ್ಷಕ್ಕೆ 80 ಸಾವಿರದ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೆ 3 ಲಕ್ಷ 20 ಸಾವಿರವಾಗುವುದರಿಂದ ನೀವು ಈ ಮಿತಿಯೊಳಗೇ ಇದ್ದೀರಿ. ಆಸೆಗೆ ಬಿದ್ದು ಲ್ಯಾಪ್‌ಟಾಪು, ಹಾಸ್ಟೆಲು ಎಂದು ಸೇರಿಸಿ 4 ಲಕ್ಷ ದಾಟಿಸಬೇಡಿ.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ, ಓದುವ ಅವಧಿಗೂ ಅದರ ಮೇಲೆ ಒಂದು ವರ್ಷಕ್ಕೂ ಬೀಳುವ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಇದನ್ನು ಶಾಖೆಯವರು ತಾವಾಗಿ ಹೇಳುವುದು ಅಪರೂಪ; ನೀವೇ ಕೇಳಿ, ಆದಾಯ ಪ್ರಮಾಣಪತ್ರವನ್ನು ಸಾಲದ ಕಡತಕ್ಕೆ ಸೇರಿಸಿ. ಓದನ್ನು ನಡುವೆ ಬಿಟ್ಟರೆ ಈ ಸಹಾಯ ಹೋಗುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನೇ ಇಲ್ಲದ ಸಾಲ ಸಿಗುತ್ತದೆ, ಆದರೆ ಅದು ಪಟ್ಟಿಯಲ್ಲಿರುವ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ನಿಮ್ಮ ಕಾಲೇಜಿನ ಹೆಸರು ಇದೆಯೇ ಎಂದು ಅದರ ಪೋರ್ಟಲಿನಲ್ಲಿ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ತಂದೆಯವರ ಹೆಸರಿನಲ್ಲಿ ಬೆಳೆಸಾಲ ಸುಸ್ತಿಯಾಗಿದೆಯೇ? ನಮ್ಮ ಕಡೆ ಸಾಲ ಮನ್ನಾ ಆದೀತೆಂದು ಕಾದು ಕುಳಿತು ಗಡುವು ಮೀರಿಸಿಕೊಂಡವರು ಬಹಳ. ಮಗಳ ಸಾಲದ ಅರ್ಜಿ ನಿಲ್ಲುವುದು ಅಲ್ಲಿಯೇ. ಶಾಖೆಗೆ ಹೋಗುವ ಮುಂಚೆ ಅದನ್ನು ನವೀಕರಿಸಿಕೊಳ್ಳಿ. ಶಾಖೆಯಲ್ಲಿ ‘ಆಗುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಕಾರಣವನ್ನು ಬರೆದುಕೊಡಿ ಎಂದು ವಿನಯದಿಂದಲೇ ಕೇಳಿ, ಹಾವೇರಿಯಲ್ಲಿರುವ ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಒಂದು ಅರ್ಜಿ ಕೊಡಿ. ಬಹುತೇಕ ಸಂದರ್ಭಗಳಲ್ಲಿ ಅರ್ಜಿ ಕೊಡುತ್ತೇನೆಂದರೇ ಸಾಕಾಗುತ್ತದೆ.

ಉತ್ತರ: ದೇವಗಿರಿಯ ಹಳೆಯ ವಿದ್ಯಾರ್ಥಿ

ಎಲ್ಲರೂ ಸಾಲದ ದಾರಿಯನ್ನೇ ಹೇಳುತ್ತಿದ್ದೀರಿ. ಹಾವೇರಿಯ ಮಗ್ಗುಲಲ್ಲೇ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಶುಲ್ಕ ಖಾಸಗಿ ಸೀಟಿಗಿಂತ ಬಹಳ ಕಡಿಮೆ. ನಾನು ಅಲ್ಲಿಯೇ ಓದಿ ಈಗ ಕೆಲಸದಲ್ಲಿದ್ದೇನೆ. ಮುಂದಿನ ಸುತ್ತಿಗೆ ಅವಕಾಶ ಇಟ್ಟುಕೊಂಡಿದ್ದರೆ ಅದನ್ನೂ ಯೋಚಿಸಿ. ಖಾಸಗಿ ಕಾಲೇಜೆಂದರೆ ಹೆಚ್ಚು, ಸರ್ಕಾರಿ ಎಂದರೆ ಕಡಿಮೆ ಎಂಬ ಲೆಕ್ಕ ನಮ್ಮ ಊರುಗಳಲ್ಲಿ ಯಾರು ಹಾಕಿಕೊಟ್ಟರೋ ಗೊತ್ತಿಲ್ಲ.

ಉತ್ತರ: ಕಾಲೇಜು ಕಚೇರಿಯ ಅಕ್ಕ, ಹುಬ್ಬಳ್ಳಿ

ನಾನು ಬೇರೊಂದು ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಮೇಜಿನಲ್ಲಿ ಕೂರುವವಳು. ಹಿರಿಯರು ಬ್ಯಾಂಕಿನ ಕಡೆಯದನ್ನು ಸರಿಯಾಗಿ ಹೇಳಿದ್ದಾರೆ. ನಾನು ಕೌಂಟರಿನ ಈಚೆ ಬದಿಯದನ್ನು ಹೇಳುತ್ತೇನೆ.

ಆ 28 ಸಾವಿರದ ವಿಷಯವನ್ನು ಮೊದಲು ನೋಡಿ. ಪ್ರಾಧಿಕಾರದ ಶುಲ್ಕವನ್ನು ಒಂದೇ ಕಂತಿನಲ್ಲಿ ತುಂಬಲೇಬೇಕು, ಅಲ್ಲಿ ಯಾರ ಮಾತೂ ನಡೆಯುವುದಿಲ್ಲ. ಕಾಲೇಜು ಕೇಳುವ ಇತರೆ ಶುಲ್ಕಕ್ಕೆ ಹಾಗಿಲ್ಲ. ಯಾವ ಬಾಬ್ತಿಗೆ ಎಷ್ಟು ಎಂಬ ವಿವರವನ್ನು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಬ್ಯಾಂಕಿಗೂ ಈ ಶುಲ್ಕ ವಿವರದ ಪತ್ರ ಹೇಗಿದ್ದರೂ ಬೇಕು. ರಶೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ನಿಗದಿಯಾದ ಶುಲ್ಕಕ್ಕಿಂತ ಹೆಚ್ಚು ವಸೂಲಿ ಮಾಡುವುದನ್ನು ತಡೆಯಲೆಂದೇ ನಮ್ಮ ರಾಜ್ಯದಲ್ಲಿ 1984ರಿಂದ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಇದೆ. ವಿವರ ಬರೆದುಕೊಡಿ ಎಂದ ಕೂಡಲೇ ಕೆಲವು ಬಾಬ್ತುಗಳು ತಾವಾಗಿ ಮಾಯವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದಕ್ಕೆ ಪ್ರಾಚಾರ್ಯರ ಹೆಸರಿಗೆ ಒಂದು ಪತ್ರ ಬರೆದು ಕಂತು ಕೇಳಿ. “ಅನುಕೂಲವಾದಾಗ ಕೊಡುತ್ತೇವೆ” ಎಂದು ಬರೆದರೆ ಪತ್ರ ತಿರಸ್ಕೃತವಾಗುತ್ತದೆ. ಗೋವಿನಜೋಳ ಮಾರಿದ ಮೇಲೆ ನವೆಂಬರ್ 30ಕ್ಕೆ ಇಷ್ಟು, ಮೆಣಸಿನಕಾಯಿ ಮಾರಿದ ಮೇಲೆ ಫೆಬ್ರುವರಿ 28ಕ್ಕೆ ಇಷ್ಟು ಎಂದು ದಿನಾಂಕ ಹಾಕಿ ಬರೆದರೆ ಒಪ್ಪಿಗೆಯಾಗುವ ಸಂಭವ ಹೆಚ್ಚು. ಫೀ ಬಾಕಿ ಇದೆಯೆಂದು ಮೂಲ ಅಂಕಪಟ್ಟಿಯನ್ನು ಒತ್ತೆಯಂತೆ ಇಟ್ಟುಕೊಳ್ಳಲು ಯಾರಿಗೂ ಬಿಡಬೇಡಿ. ಮೂಲ ದಾಖಲೆಗಳನ್ನು ಪರಿಶೀಲಿಸಿ ಆಗಲೇ ಮರಳಿಸಬೇಕೆಂದು ಯುಜಿಸಿ 2018ರಲ್ಲೇ ಸೂಚಿಸಿದೆ.

ವಿದ್ಯಾರ್ಥಿವೇತನದಲ್ಲಿ ನಿಮ್ಮ ತಂಗಿಗೆ ನಾನು ಮೊದಲು ಹೇಳುವುದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಅಂದರೆ ಎಐಸಿಟಿಇಯವರ ‘ಪ್ರಗತಿ’. ತಾಂತ್ರಿಕ ಶಿಕ್ಷಣಕ್ಕೆ ಮೊದಲ ವರ್ಷಕ್ಕೆ ಸೇರುವ ಹೆಣ್ಣುಮಕ್ಕಳಿಗಾಗಿಯೇ ಇರುವ ಯೋಜನೆ ಇದು. ವರ್ಷಕ್ಕೆ 50 ಸಾವಿರ, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರಿಗೆ ಮಾತ್ರ. ಅಂಕಗಳ ಆಧಾರದ ಮೇಲೆ ಆಯ್ಕೆ ನಡೆಯುವುದರಿಂದ ಸಿಕ್ಕೇ ಸಿಗುತ್ತದೆ ಎನ್ನಲಾಗದು, ಆದರೆ ಅರ್ಜಿಯನ್ನೇ ಹಾಕದೆ ಕಳೆದುಕೊಂಡ ಹುಡುಗಿಯರನ್ನು ಪ್ರತಿ ವರ್ಷ ನೋಡುತ್ತೇನೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ರಾಜ್ಯದ ಶುಲ್ಕ ವಿನಾಯಿತಿ ಮತ್ತು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲು ಬೇರೆ. ಅದರ ಆದಾಯ ಮಿತಿ ಪ್ರವರ್ಗಕ್ಕೊಂದು ಬಗೆ ಇರುವುದರಿಂದ 3ಬಿಗೆ ಅನ್ವಯಿಸುವ ಸಾಲನ್ನು ಓದಿಯೇ ಅರ್ಜಿ ತುಂಬಿ. ಸರ್ಕಾರದ ಎರಡು ವಿದ್ಯಾರ್ಥಿವೇತನಗಳನ್ನು ಒಟ್ಟಿಗೆ ಪಡೆಯುವಂತಿಲ್ಲ, ಪ್ರಗತಿ ಸಿಕ್ಕರೆ ಅದನ್ನೇ ಉಳಿಸಿಕೊಳ್ಳುವುದು ಲಾಭ.

ಎಸ್‌ಎಸ್‌ಪಿ ಅರ್ಜಿಗಳು ಎಲ್ಲಿ ಸಾಯುತ್ತವೆ ಎಂಬುದನ್ನೂ ಹೇಳಿಬಿಡುತ್ತೇನೆ. ಕಳೆದ ವರ್ಷ ನನ್ನ ಮೇಜಿಗೆ ಬಂದ ಹುಡುಗಿಯೊಬ್ಬಳ ಅಂಕಪಟ್ಟಿಯಲ್ಲಿ ಆಕೆಯ ಹೆಸರಿನ ನಂತರ ತಂದೆಯ ಹೆಸರಿತ್ತು, ಆಧಾರಿನಲ್ಲಿ ಅದರ ಬದಲು ಬರೀ ಅಡ್ಡಹೆಸರಿತ್ತು, ಎರಡೂ ತಾಳೆಯಾಗಲಿಲ್ಲ. ಎರಡು ತಿಂಗಳು ಅದರಲ್ಲೇ ಹೋಯಿತು. ಇನ್ನೊಬ್ಬಳಿಗೆ ಹಣ ಮಂಜೂರಾಗಿತ್ತು, ಖಾತೆಗೆ ಮಾತ್ರ ಬಂದಿರಲಿಲ್ಲ. ಕೇಳಿದರೆ “ಆಧಾರ್ ಲಿಂಕ್ ಆಗೇತ್ರಿ ಮೇಡಮ್” ಎನ್ನುತ್ತಾಳೆ. ಖಾತೆಗೆ ಆಧಾರ್ ಜೋಡಿಸುವುದೇ ಬೇರೆ, ರಾಷ್ಟ್ರೀಯ ಪಾವತಿ ನಿಗಮದಲ್ಲಿ (ಎನ್‌ಪಿಸಿಐ) ಆ ಖಾತೆ ಮ್ಯಾಪ್ ಆಗಿರುವುದೇ ಬೇರೆ. ಸರ್ಕಾರದ ಹಣ ಹೋಗುವುದು ಮ್ಯಾಪ್ ಆದ ಖಾತೆಗೆ. ಆಕೆ ಎಂದೋ ಒಮ್ಮೆ ಮೊಬೈಲಿನಲ್ಲಿ ತೆರೆದು ಮರೆತಿದ್ದ ಖಾತೆಯೊಂದು ಮ್ಯಾಪ್ ಆಗಿತ್ತು, ಹಣ ಅಲ್ಲಿ ಹೋಗಿ ಕುಳಿತಿತ್ತು! ನಿಮ್ಮ ತಂಗಿಯ ಖಾತೆ ಹಿಂದಿನ ಕರ್ನಾಟಕ ವಿಕಾಸ ಗ್ರಾಮೀಣ (ಕೆವಿಜಿ) ಬ್ಯಾಂಕಿನದಾಗಿದ್ದರೆ, 2025ರ ಮೇ 1ರಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿರುವುದರಿಂದ ಶಾಖೆಗೆ ಹೋಗಿ ಪಾಸ್‌ಬುಕ್ಕನ್ನೂ ಮ್ಯಾಪಿಂಗನ್ನೂ ಒಮ್ಮೆ ನೋಡಿಸಿ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಇವತ್ತೇ ಹೊಸದಾಗಿ ಮಾಡಿಸಲು ಹಾಕಿ, ಅದರ ಆರ್‌ಡಿ ಸಂಖ್ಯೆ ಇಲ್ಲದೆ ಮೇಲೆ ಹೇಳಿದ ಯಾವ ಬಾಗಿಲೂ ತೆರೆಯುವುದಿಲ್ಲ.

ನಿಗಮಗಳ ಸಾಲವನ್ನು ಕೇಳಿದ್ದೀರಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಶೇ. 2ರ ಬಡ್ಡಿಗೆ ಸಿಗುವ ಶೈಕ್ಷಣಿಕ ಸಾಲ. ಅಲ್ಪಸಂಖ್ಯಾತರ ನಿಗಮದಲ್ಲೂ ಅದೇ ಹೆಸರಿನ ಯೋಜನೆ ಇದೆ. 3ಬಿಯಲ್ಲಿ ನೀವು ಯಾವ ಸಮುದಾಯದವರೆಂದು ಬರೆದಿಲ್ಲ. ವೀರಶೈವ ಲಿಂಗಾಯತರಿಗೂ ಮರಾಠರಿಗೂ ಪ್ರತ್ಯೇಕ ನಿಗಮಗಳಿವೆ. ಅರ್ಜಿ ಕರೆದಾಗ ನಿಮಗೆ ಸೇರಿದ ನಿಗಮದ ಹಾವೇರಿ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಬಡ್ಡಿ ಕಡಿಮೆ ಎಂಬುದು ನಿಜ, ಆದರೆ ಬಜೆಟ್ಟು ಬಂದಷ್ಟೇ ಜನಕ್ಕೆ ಸಿಗುವಂಥದ್ದು. ಅದನ್ನು ನಂಬಿ ಬ್ಯಾಂಕಿನ ಅರ್ಜಿಯನ್ನು ತಡಮಾಡಬೇಡಿ.

ಉತ್ತರ: ಗದಗಿನವಳು, ಮೂರನೆಯ ವರ್ಷ ಬಿ.ಇ.

ಅಣ್ಣಾ, ತಂಗಿ ಹತ್ತು ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಕಡೆಯೇ ಓದಿದ್ದಾಳೆ ಎಂದಿದ್ದೀರಿ. ಹಾಗಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನಕ್ಕೆ ತಪ್ಪದೆ ಅರ್ಜಿ ಹಾಕಿಸಿ. ಸರ್ಕಾರಿ ಶಾಲೆ-ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ವರ್ಷಕ್ಕೆ 30 ಸಾವಿರದಂತೆ, ಕೋರ್ಸು ಮುಗಿಯುವವರೆಗೂ ಕೊಡುತ್ತಾರೆ. ನಮ್ಮ ರಾಜ್ಯದಲ್ಲಿ 2025ರಲ್ಲಿ ಸರ್ಕಾರದ ಜೊತೆ ಸೇರಿ ‘ದೀಪಿಕಾ’ ಎಂಬ ಹೆಸರಿನಲ್ಲಿ ಆರಂಭವಾಯಿತು. ನಾನು ಪಿಯುಸಿಯನ್ನು ಖಾಸಗಿ ಕಾಲೇಜಿನಲ್ಲಿ ಓದಿದ್ದರಿಂದ ನನಗೆ ಸಿಗಲಿಲ್ಲ. ಮನೆಯಲ್ಲಿ ಅದನ್ನೀಗಲೂ ಆಡಿಕೊಳ್ಳುತ್ತಾರೆ.

ಫೀಯಷ್ಟೇ ದೊಡ್ಡ ಖರ್ಚು ಇರುವುದು ಉಳಿಯುವ ಮತ್ತು ಉಣ್ಣುವ ಕಡೆ. ಖಾಸಗಿ ಹಾಸ್ಟೆಲಿಗೆ ಮುಂಗಡ ಕೊಡುವ ಮುಂಚೆ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿಗೆ ಅರ್ಜಿ ಹಾಕಿ, ಅಲ್ಲಿ ಊಟ ವಸತಿ ಎರಡೂ ಉಚಿತ. ಅಲ್ಲಿ ಸೀಟು ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ಹತ್ತು ತಿಂಗಳು ಹಣ ಬರುತ್ತದೆ. ನೀವು ಹುಬ್ಬಳ್ಳಿಯಲ್ಲೇ ಬಾಡಿಗೆ ಕೋಣೆಯಲ್ಲಿದ್ದರೆ ತಂಗಿಯನ್ನು ಜೊತೆಗೇ ಇಟ್ಟುಕೊಳ್ಳುವ ವಿಚಾರವನ್ನೂ ಮಾಡಬಹುದು. ಓಡಾಟಕ್ಕಂತೂ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಿಲ್ಲ. ಊರಿಗೆ ಹೋಗಿ ರೊಟ್ಟಿ ಕಟ್ಟಿಸಿಕೊಂಡು ಬರಲು ನಾನು ಒಂದು ರೂಪಾಯಿ ಖರ್ಚು ಮಾಡುವುದಿಲ್ಲ.

ಸವಣೂರಿನ ಅಣ್ಣ

ಎಲ್ಲರಿಗೂ ಅನಂತ ಧನ್ಯವಾದಗಳು. ದೇವಗಿರಿಯ ಬಗ್ಗೆ ಬರೆದ ಅಣ್ಣನವರಿಗೆ: ತಂಗಿ ಪೋರ್ಟಲಿನಲ್ಲಿ ಮೊದಲನೆಯ ಆಯ್ಕೆಯನ್ನೇ, ಅಂದರೆ ಇದೇ ಸೀಟು ಸಾಕು ಎಂಬುದನ್ನೇ, ಒತ್ತಿಬಿಟ್ಟಿದ್ದಾಳೆ, ಆದ್ದರಿಂದ ಮುಂದಿನ ಸುತ್ತಿನ ಪ್ರಶ್ನೆ ಉಳಿದಿಲ್ಲ.

ನಿವೃತ್ತ ಸಾಹೇಬರು ಹೇಳಿದಂತೆ 21 ಸಾವಿರದ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದು ಅಪ್ಪನಿಗೆ ತೋರಿಸಿದೆ. ಅವರು ಬಡ್ಡಿಗೆ ಅಷ್ಟಾಗಿ ಬೆಚ್ಚಲಿಲ್ಲ. ಆದರೆ ಹೋದ ವರ್ಷ ಪಕ್ಕದ ಅಂಗಡಿಯ ದರ ನೋಡಿಯೂ ಚೀಲ ಇಳಿಸಲಾಗದೆ ಬಂದದ್ದನ್ನು ತಾವೇ ನೆನಪಿಸಿಕೊಂಡು ಸುಮ್ಮನೆ ಕುಳಿತರು. ಸಂಜೆ ಅವ್ವ ಕೇಳದೆಯೇ ಪಾಟಲಿ ಬಿಚ್ಚಿ ಕೊಟ್ಟಳು. ನಾಳೆ ಬ್ಯಾಂಕಿಗೆ ಹೋಗುತ್ತೇವೆ. ಬೆಳೆಸಾಲ ಸೊಸೈಟಿಯಲ್ಲಿದೆ, ಗಡುವು ಮೀರಿಲ್ಲ ಎಂದು ಅಪ್ಪ ಹೇಳುತ್ತಾರೆ. ಆದರೂ ಕಾರ್ಯದರ್ಶಿಯವರ ಹತ್ತಿರ ಬಾಕಿ ಇಲ್ಲವೆಂದು ಬರೆಸಿಕೊಂಡು ಬರಲು ಹೇಳಿದ್ದೇನೆ. ನಾಡಕಚೇರಿಯ ಅರ್ಜಿ ಇಂದೇ ಆಯಿತು.

ಅಕ್ಕಾ, ಕೊನೆಯದಾಗಿ ಒಂದು ಕೇಳುತ್ತೇನೆ. ಕಂತಿಗಾಗಿ ಪ್ರಾಚಾರ್ಯರಿಗೆ ಬರೆಯುವ ಪತ್ರವನ್ನು ನಾನು ಬರೆಯಬೇಕೋ, ಅಪ್ಪ ಬರೆಯಬೇಕೋ? ಅಪ್ಪನಿಗೆ ಸಹಿ ಮಾಡಲು ಮಾತ್ರ ಬರುತ್ತದೆ, ಇಂಗ್ಲಿಷ್ ನಮಗಾರಿಗೂ ಅಷ್ಟಾಗಿ ಬಾರದು.

ಕಾಲೇಜು ಕಚೇರಿಯ ಅಕ್ಕ, ಹುಬ್ಬಳ್ಳಿ

ಕನ್ನಡದಲ್ಲಿಯೇ ಬರೆಯಿರಿ. ಬರವಣಿಗೆ ತಂಗಿಯದಿರಲಿ, ಸಹಿ ಆಕೆಯದೂ ತಂದೆಯವರದೂ ಎರಡೂ ಇರಲಿ. ಜೊತೆಗೆ ಹೊಲದ ಉತಾರದ (ಪಹಣಿಯ) ಒಂದು ಪ್ರತಿಯನ್ನು ಲಗತ್ತಿಸಿ, ಬೆಳೆ ಕಾಲಂನಲ್ಲಿ ಮೆಣಸಿನಕಾಯಿ ಎಂದಿರುವುದು ಕಂಡರೆ ನೀವು ಹಾಕಿದ ಫೆಬ್ರುವರಿ ದಿನಾಂಕಕ್ಕೆ ತೂಕ ಬರುತ್ತದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಆವಕ ವಿಭಾಗದ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ಹನ್ನೊಂದರೊಳಗೆ ಹೋದರೆ ಪ್ರಾಚಾರ್ಯರು ಸಿಗುತ್ತಾರೆ.